ಹೆಸರು ಬೀಳದೆ ಉಳಿದ ವರ್ಷ

ಮೆಟ್ಟಿಲು ವಿಶ್ವವಿದ್ಯಾಲಯ, ಎರಡನೇ ಮೆಟ್ಟಿಲು
ಸರ್ವಜಿತು ಸಂವತ್ಸರ, ಚೈತ್ರ ಶುದ್ಧ ಪಂಚಮಿ
(ನಿಮ್ಮ ಲೆಕ್ಕದಲ್ಲಿ ಎರಡು ಸಾವಿರದ ನೂರ ಎಂಬತ್ತೇಳನೇ ಇಸವಿ)

ನಮಗಿಂತ ಮೊದಲು ಹಾಸ್ಟೆಲಿನ ತಟ್ಟೆ ಹಿಡಿದು ಸಾಲಿನಲ್ಲಿ ನಿಂತವರಿಗೆಲ್ಲ ಕೊಟ್ರಮ್ಮನ ಶರಣು ಶರಣಾರ್ಥಿ.

ಮೇಲಿರುವ ತಾರೀಖು ನೋಡಿ ಯಾರೋ ತಮಾಷೆ ಮಾಡಿದ್ದಾರೆ ಅಂದುಕೊಳ್ಳಬೇಡಿ. ನಿಮ್ಮ ಮೊಮ್ಮಕ್ಕಳಿಗೂ ಮೊಮ್ಮಕ್ಕಳಾದ ಮೇಲೆ ಹುಟ್ಟಿದವಳು ನಾನು. ಈಗ ಐವತ್ತು ತುಂಬಿದೆ. ನಮ್ಮೂರ ಶಾಲೆಯಲ್ಲಿ ಹತ್ತನೇ ತರಗತಿ ಓದಿದ್ದೇ ನನ್ನ ವಿದ್ಯೆ, ಹಾಗಾಗಿ ಬರವಣಿಗೆ ಒರಟಾಗಿದ್ದರೆ ಕ್ಷಮಿಸಿ. ಕೆಲವು ಮಾತುಗಳು ನಿಮಗೆ ಹೊಸದೆನಿಸಬಹುದು. ಅವು ನಮ್ಮ ಊರಿನವೂ ಅಲ್ಲ, ಈ ಕ್ಯಾಂಪಸ್ಸಿನವು. ಬಂದ ಹಾಗೆ ಬಿಡಿಸಿ ಹೇಳುತ್ತೇನೆ. ಇಲ್ಲಿ ಹೆಸರು ಬಿದ್ದವರು ಹಿಂದಿನ ಕಾಲದವರಿಗೆ ಒಂದು ಪತ್ರ ಬರೆಯಬೇಕು ಎಂಬ ಪದ್ಧತಿಯಿದೆ. ಅದು ಹೇಗೆ ತಲುಪುತ್ತದೆ ಎಂದು ಯಾರೂ ಕೇಳುವುದಿಲ್ಲ. ಬರೆಯುವುದು ನನ್ನ ಕೆಲಸ, ತಲುಪಿಸುವುದು ನಮ್ಮ ದೇವರು ಕೊಟ್ಟೂರೇಶನ ಕೆಲಸ.

ನಿಮ್ಮ ಕಾಲದಲ್ಲಿ ಈ ಜಾಗ ಕಬ್ಬಿಣದ ಅದಿರು ಅಗೆಯುವ ಗಣಿಯಾಗಿತ್ತಂತೆ. ಅಗೆದವರು ಗುಡ್ಡದ ಹೊಟ್ಟೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ದೊಡ್ಡ ಹೊಂಡ ಬಿಟ್ಟು ಹೋದರು. ಆ ಮೆಟ್ಟಿಲುಗಳ ಮೇಲೆಯೇ ನಮ್ಮ ಹಾಸ್ಟೆಲು, ತರಗತಿ, ಗುಡಿ, ಮಸೀದಿ, ಆಟದ ಬಯಲು ಎಲ್ಲ ಇವೆ. ತಳದಲ್ಲಿ ಮಳೆನೀರು ನಿಂತು ಕೆರೆಯಾಗಿದೆ. ಮೊದಲ ವರ್ಷದವರು ಕೆರೆಯ ಪಕ್ಕದ ಕೆಳಮೆಟ್ಟಿಲಿನಲ್ಲಿ ಇರುತ್ತಾರೆ. ಆ ಕೆಂಪು ಮಣ್ಣು ಎಷ್ಟು ತಿಕ್ಕಿದರೂ ಅಂಗಾಲು ಬಿಡುವುದಿಲ್ಲವಾದ್ದರಿಂದ ಅವರನ್ನು ಕೆಂಗಾಲು ಎನ್ನುತ್ತಾರೆ. ಹಾಜರಿ ಕರೆದಾಗ ಗೆಳತಿಯ ಪರವಾಗಿ ಓ ಅನ್ನುವವಳು ಬಾಡಿಗೆ ಬಾಯಿ. ಪರೀಕ್ಷೆಯಲ್ಲಿ ಏನೂ ತೋಚದೆ ಕೂತರೆ ಮೋಡ ಕಟ್ಟಿತು ಎನ್ನುತ್ತಾರೆ, ಯಾಕೆಂದರೆ ನಮ್ಮ ಅಡುಗೆಯೆಲ್ಲ ಬಿಸಿಲೊಲೆಯ ಮೇಲೆ, ಮೋಡ ಬಂದರೆ ಆ ದಿನ ಅವಲಕ್ಕಿಯೇ ಗತಿ. ಬಿಸಿಲೊಲೆ ಎಂದರೆ ಕನ್ನಡಿಗಳಿಂದ ಸೂರ್ಯನ ಕಾವು ಹಿಡಿದು ಬೇಯಿಸುವ ಒಲೆ. ಹೊಂಡದೊಳಗೆ ಬೆಂಕಿ ಹಚ್ಚುವ ಹಾಗಿಲ್ಲ. ಮಧ್ಯಾಹ್ನ ಹೊಂಡದ ಅಂಚಿನ ನೆರಳು ಒಲೆಯ ಮೇಲೆ ಬಿತ್ತೆಂದರೆ ಮುಗಿಯಿತು, ಆರಿದ್ದನ್ನು ಮತ್ತೆ ಬಿಸಿ ಮಾಡಲು ಮರುದಿನದ ಸೂರ್ಯನೇ ಬರಬೇಕು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನು ಹೆಸರಿನ ವಿಷಯ. ನಿಮ್ಮ ಕಾಲದಲ್ಲಿ ಹೊಸಬರನ್ನು ಗೋಳಾಡಿಸಿ, ಅವರು ಅಳುವಂಥ ಅಡ್ಡಹೆಸರು ಇಡುತ್ತಿದ್ದರು ಎಂದು ಕೇಳಿದ್ದೇನೆ. ನಮ್ಮಲ್ಲೂ ಅಡ್ಡಹೆಸರು ಉಂಟು, ಕಟ್ಟಳೆ ಮಾತ್ರ ಬೇರೆ. ಹೆಸರು ಬಿದ್ದವರೇ ಎಲ್ಲರಿಗಿಂತ ಮೊದಲು ನಗಬೇಕು. ಅವರು ನಗದಿದ್ದರೆ ಆ ಹೆಸರು ಬೀಳಲಿಲ್ಲ, ಇಟ್ಟವರು ಅವರ ತಟ್ಟೆ ತೊಳೆಯಬೇಕು. ಯೋಚಿಸಿ ಇಟ್ಟ ಹೆಸರು ನಡೆಯುವುದಿಲ್ಲ, ಬಾಯಿತಪ್ಪಿ ಬರಬೇಕು. ಯುಗಾದಿಯ ಒಳಗೆ ಹೆಸರು ಬೀಳದವರು ಎರಡನೇ ಮೆಟ್ಟಿಲು ಹತ್ತುವಂತಿಲ್ಲ, ಗಂಟು ಕಟ್ಟಿಕೊಂಡು ಊರಿಗೆ ಹೋಗಬೇಕು. ಇದೆಂಥ ಕ್ರೂರ ನಿಯಮ ಎಂದು ನನಗೂ ಅನಿಸಿತ್ತು. ಆದರೆ ಎರಡನೇ ಮೆಟ್ಟಿಲಿನಿಂದ ಮೇಲೆ ಓದು ನಡೆಯುವುದು ಬಂಡೆಯ ಅಂಚಿನಲ್ಲಿ, ಸೊಂಟಕ್ಕೆ ಹಗ್ಗ ಬಿಗಿದುಕೊಂಡು. ಕೆಳಗಿರುವವರ ತಲೆಗೆ ಕಲ್ಲು ಉರುಳಿದಾಗ "ಏ, ಸರಿಯಾಚೆ!" ಎಂದು ಕೂಗಬೇಕು. "ದಯವಿಟ್ಟು ತಾವು ಸ್ವಲ್ಪ ಪಕ್ಕಕ್ಕೆ" ಎನ್ನುವಷ್ಟರಲ್ಲಿ ಕಲ್ಲು ಬಿದ್ದಿರುತ್ತದೆ.

ನಾನು ಬಂದದ್ದೇ ಆ ಎರಡನೇ ಮೆಟ್ಟಿಲಿಗಾಗಿ. ಸತ್ತ ಮಣ್ಣನ್ನು ಎಬ್ಬಿಸುವ ವಿದ್ಯೆ ಕಲಿಸುವುದು ಅಲ್ಲಿಯೇ. ನಮ್ಮೂರ ಬದಿಯಲ್ಲಿ ಹಳೆಯ ಗಣಿಯ ತ್ಯಾಜ್ಯದ ದಿಬ್ಬವಿದೆ, ಅದರ ಮೇಲೆ ಹುಲ್ಲುಕಡ್ಡಿಯೂ ಏಳುವುದಿಲ್ಲ. ಚಿಕ್ಕವಳಿದ್ದಾಗಿನಿಂದ ದಿನಾ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಕಣ್ಣು ಬಿಟ್ಟರೆ ಎದುರಿಗೆ ಅದೇ ಬೋಳು. ದೇವರು ಕೊಟ್ಟ ಮಣ್ಣು ಹೀಗೆ ಬಿದ್ದಿರಬಾರದು ಅನಿಸುತ್ತಿತ್ತು. ಈಗಿನ ಕಾಲದಲ್ಲಿ ಯಾವ ವಯಸ್ಸಿನಲ್ಲೂ ಓದಲು ಬರಬಹುದು. ಮಕ್ಕಳ ಮದುವೆ ಮುಗಿಸಿ, ಕೊಟ್ಟೂರಿಗೆ ಹೋಗಿ ಅಪ್ಪಣೆ ಬೇಡಿ, ಹೊಂಡಕ್ಕೆ ಇಳಿದೆ.

ಇಳಿದ ದಿನವೇ ನನ್ನ ಕಷ್ಟ ಶುರುವಾಯಿತು. ಕೆಂಗಾಲುಗಳೆಲ್ಲ ಕೆರೆಯಿಂದ ಒಂದೊಂದು ಕೊಡ ನೀರು ಹೊತ್ತು ಮೇಲಿನ ಬೇವಿನ ಮರಕ್ಕೆ ಹಾಕಬೇಕು, ದಾರಿಯುದ್ದಕ್ಕೂ ಹಿರಿಯ ವಿದ್ಯಾರ್ಥಿಗಳು ಗೇಲಿ ಮಾಡಬೇಕು. ಹೆಚ್ಚಿನ ಹೆಸರುಗಳು ಬೀಳುವುದು ಅಂದೇ. ನಾನು ಸೆರಗು ಸಿಂಬಿ ಮಾಡಿ ತಲೆಗಿಟ್ಟುಕೊಂಡಿದ್ದೆ, ಕೊನೆಯ ವರ್ಷದ ವಿರೂಪಾಕ್ಷಿ ಓಡಿ ಬಂದು ಕೊಡ ಕಿತ್ತುಕೊಂಡ. "ಅಯ್ಯೋ, ನೀವ್ಯಾಕ್ ಹೊರ್ತೀರಮ್ಮ? ನೆರಳಾಗ ಕುಂದ್ರಿ" ಎಂದ. ಅವನ ಕ್ಯಾಂಪಸ್ ಹೆಸರು ತೂತುಕೊಡ. ಮೊದಲ ವರ್ಷ ಅವನು ಹೊತ್ತ ಕೊಡ ಮರ ಮುಟ್ಟುವಷ್ಟರಲ್ಲಿ ಖಾಲಿಯಾಗಿತ್ತಂತೆ. ನನ್ನ ನೀರನ್ನು ಮಾತ್ರ ಒಂದು ಹನಿ ಚೆಲ್ಲದೆ ಮೇಲೆ ಒಯ್ದ.

ಅಂದಿನಿಂದ ನಾನು ಅಮ್ಮ. ತರಗತಿಗೆ ಕಾಲಿಟ್ಟರೆ ಎಲ್ಲರೂ ಎದ್ದು ನಿಲ್ಲುವರು, ಮೇಷ್ಟ್ರೇ ಬಂದರೆಂದು. ಗುಂಪಿನಲ್ಲಿ "ಮೋಡ ಕಟ್ತಲೇ!" ಎಂದು ಎದೆ ಬಡಿದುಕೊಳ್ಳುತ್ತಿದ್ದ ಹುಡುಗಿ ನನ್ನನ್ನು ಕಂಡರೆ "ಉತ್ತರ ಹೊಳೆಯಲಿಲ್ಲ ಅಮ್ಮ" ಎನ್ನುತ್ತಿದ್ದಳು. ನಗು ಇದ್ದ ಕಡೆ ಹೋದರೆ ನಗು ನಿಲ್ಲುತ್ತಿತ್ತು. ಮರ್ಯಾದೆಯೂ ಒಂದು ಬೇಲಿ ಎಂದು ನನಗೆ ಆಗ ತಿಳಿಯಿತು. ಸಂಕ್ರಾಂತಿ ಕಳೆಯಿತು. ನನ್ನ ಜೊತೆಗೆ ಬಂದವರಿಗೆಲ್ಲ ಹೆಸರು ಬಿದ್ದಿತ್ತು. ಕೋಣೆಯ ಗೆಳತಿ ರುಕ್ಸಾರಳಿಗೆ ಗೊರಕೆ ಎಂಬ ಹೆಸರು ಮೊದಲ ವಾರವೇ ಬಿತ್ತು, ಅದರಲ್ಲಿ ಸುಳ್ಳೇನೂ ಇರಲಿಲ್ಲ.

ತಡೆಯಲಾರದೆ ಒಂದು ದಿನ ತೂತುಕೊಡನನ್ನು ಹಿಡಿದು ಕೇಳಿದೆ.

"ಏನಪ್ಪಾ, ನನಗೊಂದು ಹೆಸರು ಇಲ್ಲೇನು?"

"ನಿಮ್ಗೆ ಹೆಂಗಮ್ಮ ಇಡೋದು? ನಮ್ಮವ್ವಗೆ ಗೊತ್ತಾದ್ರೆ ಚರ್ಮ ಸುಲೀತಾಳೆ" ಎಂದು ತಲೆ ಕೆರೆದುಕೊಂಡ. ಆಮೇಲೆ ಬಹಳ ಯೋಚಿಸಿ, "ಜ್ಞಾನಗಂಗೆ ಅಂತ ಇಡ್ಲೇನು?" ಎಂದ.

"ಅದು ನೀರಿನ ಟ್ಯಾಂಕಿಗೆ ಇಡೋ ಹೆಸರು, ಹೋಗೋ."

ಆ ರಾತ್ರಿಯಿಂದ ದೇವರಲ್ಲಿ ನಾನು ಬೇಡಿದ್ದನ್ನು ಬೇರೆ ಯಾವ ಭಕ್ತೆಯೂ ಬೇಡಿರಲಾರಳು: ತಂದೇ, ಯಾರಾದರೂ ನನ್ನನ್ನು ಆಡಿಕೊಳ್ಳುವಂತೆ ಮಾಡು. ಪ್ರಯತ್ನವನ್ನೂ ಬಿಡಲಿಲ್ಲ. ಬೇಕೆಂದೇ ಕೆಸರಿನಲ್ಲಿ ಜಾರಿ ಬಿದ್ದೆ; ಹುಡುಗರು ನಾಲ್ಕು ಕಡೆಯಿಂದ ಎತ್ತಿಕೊಂಡು ಹೋಗಿ ಅರಿಶಿನದ ಹಾಲು ಕುಡಿಸಿದರು. ಸಭೆಯಲ್ಲಿ ನಿಂತು ನನ್ನ ಒಡಕು ದನಿಯಲ್ಲಿ ಭಜನೆ ಹಾಡಿದೆ, ಕೈಮುಗಿದು ಕೇಳಿದರು. ಅದಕ್ಕಿಂತ ದೊಡ್ಡ ಶಿಕ್ಷೆ ಉಂಟೇ?

ನನಗೆ ಸಮಾಧಾನವಿದ್ದ ಜಾಗ ಎಂದರೆ ಮೆಸ್ಸು. ಇಲ್ಲಿ ಮಧ್ಯಾಹ್ನದ ಊಟಕ್ಕೆ ಇಡೀ ಕೆಳಮೆಟ್ಟಿಲು ಒಂದೇ ಪಂಕ್ತಿಯಲ್ಲಿ ಕೂರುತ್ತದೆ, ಬಡಿಸಲು ಮೇಲಿನ ಮೆಟ್ಟಿಲಿನವರು ಇಳಿದು ಬರುತ್ತಾರೆ. ಪಂಕ್ತಿಯಲ್ಲಿ ಹಿರಿಯರು ಯಾರೋ ಅವರು ಮೊದಲ ತುತ್ತು ಎತ್ತುವ ತನಕ ಉಳಿದವರು ಅನ್ನ ಮುಟ್ಟುವಂತಿಲ್ಲ. ಹಿರಿಯರೆಂದರೆ ಸಾಮಾನ್ಯವಾಗಿ ಇಪ್ಪತ್ತೆರಡರ ಒಬ್ಬ ಹುಡುಗ, ತಟ್ಟೆ ಮುಂದೆ ಬಂದದ್ದೇ ತಡ ಬಾಯಿಗೆ ಹಾಕಿಕೊಳ್ಳುವವನು. ಈ ವರ್ಷ ಆ ಪಾಳಿ ನನಗೆ ಬಂತು. ನಾನೋ, ಪ್ರಾರ್ಥನೆ ಮಾಡದೆ ತುತ್ತು ಎತ್ತುವವಳಲ್ಲ. ಮೊದಲ ದಿನ ಚಿಕ್ಕದಾಗಿಯೇ ಮಾಡಿದೆ. ಕಣ್ಣುಬಿಟ್ಟು ನೋಡಿದರೆ ಮಕ್ಕಳೆಲ್ಲ ತಲೆ ತಗ್ಗಿಸಿ ಸುಮ್ಮನೆ ಕೂತಿದ್ದಾರೆ. ಎಂಥ ಭಕ್ತಿ ಎಂದು ನನ್ನ ಕಣ್ಣು ತುಂಬಿತು. ಮರುದಿನದಿಂದ ಅವರನ್ನೂ ಸೇರಿಸಿಕೊಂಡೆ. ಕ್ಯಾಂಪಸ್ ಹೆಸರಿನಿಂದಲೇ ಬೇಡುತ್ತಿದ್ದೆ. ಗೊರಕೆಗೆ ಗಣಿತ ತಲೆಗೆ ಹತ್ತಲಿ, ಬೆಲ್ಲದಚ್ಚಿನ ಅಪ್ಪನ ಮಂಡಿನೋವು ವಾಸಿಯಾಗಲಿ, ಜಿರಲೆಮೀಸೆ ಆ ಹುಡುಗಿಯ ಹಿಂದೆ ತಿರುಗುವುದನ್ನು ಬಿಟ್ಟು ಓದಲಿ. ದಿನಕ್ಕೆ ಒಬ್ಬಿಬ್ಬರು ಸೇರುತ್ತಾ ಹೋದರು. ಸೇರಿದವರನ್ನು ಬಿಡುವುದು ಹೇಗೆ?

ಯುಗಾದಿಗೆ ಮುಂಚಿನ ದಿನ ಬಂತು. ನನ್ನ ಗಂಟು ಕಟ್ಟಿಯಾಗಿತ್ತು. ಇದೇ ಇವರ ಜೊತೆಗಿನ ಕೊನೆಯ ಊಟ ಎಂದು, ಯಾರನ್ನೂ ಬಿಡಬಾರದೆಂದು, ಪಂಕ್ತಿಯ ಈ ತುದಿಯಿಂದ ಆ ತುದಿಯವರೆಗೆ ಪ್ರತಿಯೊಬ್ಬರ ಹೆಸರು ಹಿಡಿದು ಬೇಡತೊಡಗಿದೆ. ಇನ್ನೂ ಅರ್ಧ ಪಂಕ್ತಿ ಬಾಕಿ ಇತ್ತು. ಪಕ್ಕದಲ್ಲಿ ಕೂತಿದ್ದ ರುಕ್ಸಾರ್ ಬುಸುಗುಟ್ಟುವುದು ಕೇಳಿಸಿತು. ಆಮೇಲೆ ಅವಳ ದನಿ ಒಡೆದುಕೊಂಡು ಬಂತು:

"ಅಮ್ಮಾ, ಸಾಕು ಮಾಡ್ರೀ! ದೇವ್ರಿಗೆ ನಮ್ಮ ಹೆಸ್ರೆಲ್ಲ ಬಾಯಿಪಾಠ ಆಗ್ಯಾವೆ! ಇಲ್ಲಿ ಸಾರು ಆರಿ ಕೆನೆ ಕಟ್ಟೈತೆ!"

ರುಕ್ಸಾರ್ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ನಾನು ಕಣ್ಣು ಬಿಟ್ಟೆ. ಒಲೆಯ ಮೇಲೆ ಆಗಲೇ ನೆರಳು ಬಿದ್ದಿತ್ತು. ನನ್ನ ತಟ್ಟೆಯ ಸಾರಿನ ಮೇಲೆ ಎಣ್ಣೆ ಹೆಪ್ಪುಗಟ್ಟಿ ಬಿರುಕು ಬಿಟ್ಟ ಕೆರೆಯಂತೆ ಕಾಣುತ್ತಿತ್ತು. ಸಾಲಿನುದ್ದಕ್ಕೂ ನೋಡಿದೆ. ಎಲ್ಲರ ತಟ್ಟೆಯಲ್ಲೂ ಅದೇ ಕೆರೆ.

"ವರ್ಷವೆಲ್ಲ ಹಿಂಗೇ ತಿಂದಿರೇನ್ರೋ?" ಎಂದೆ.

ಬಡಿಸಲು ನಿಂತಿದ್ದ ತೂತುಕೊಡ ಸೌಟು ಹಿಡಿದುಕೊಂಡೇ ಹೇಳಿದ. "ಹೂನಮ್ಮ. ಈ ಮಕ್ಕಳಿಗೆ ಬಿಸಿ ಸಾರು ಹೆಂಗಿರ್ತೈತೆ ಅನ್ನೋದೇ ಮರ್ತೋಗೈತೆ."

"ಬಾಯಿ ಇರ್ಲಿಲ್ವೇನೋ ನಿಮಗೆ?"

"ನೀವು ನಮಗೋಸ್ಕರ ಬೇಡ್ತಿದ್ರಲ್ಲಮ್ಮ. ಹೆಂಗ್ ಹೇಳೋದು?"

ನನ್ನ ಹೊಟ್ಟೆಯೊಳಗಿಂದ ನಗು ಎದ್ದಿತು. ಭಕ್ತಿ ಎಂದು ನಾನು ಕಣ್ಣೀರಿಟ್ಟದ್ದು ಇವರ ಹಸಿವಿಗೆ! ಸೆರಗು ಬಾಯಿಗಿಟ್ಟುಕೊಂಡರೂ ನಿಲ್ಲಲಿಲ್ಲ, ವಿಭೂತಿ ಕರಗಿ ಇಳಿಯುವಷ್ಟು ನಕ್ಕೆ. ಆಗ ದೂರದ ತುದಿಯಿಂದ ಯಾರೋ ಬಾಯಿತಪ್ಪಿ ಕೂಗಿದರು: "ಆರಿದ್‌ಸಾರು!" ನಾನು ಇನ್ನೂ ಜೋರಾಗಿ ನಕ್ಕೆ. ಅಷ್ಟೇ ಸಾಕಾಯಿತು. ಇಡೀ ಪಂಕ್ತಿ ತಟ್ಟೆ ಬಡಿಯಿತು. ಇಲ್ಲಿ ಹೆಸರು ಬಿತ್ತು ಎನ್ನುವುದಕ್ಕೆ ಅದೇ ಮುದ್ರೆ. ರುಕ್ಸಾರ್ ನನ್ನನ್ನು ತಬ್ಬಿಕೊಂಡು ಅತ್ತಳು, ಆಮೇಲೆ "ಈಗಾದ್ರೂ ತುತ್ತು ಎತ್ರೀ" ಎಂದಳು.

ಯುಗಾದಿಯ ಬೆಳಿಗ್ಗೆ ನಾನೂ ಎರಡನೇ ಮೆಟ್ಟಿಲು ಹತ್ತಿದೆ, ತಲೆಯ ಮೇಲೆ ನನ್ನದೇ ಕೊಡ ಇಟ್ಟುಕೊಂಡು. ಯಾರೂ ಕಿತ್ತುಕೊಳ್ಳಲಿಲ್ಲ. "ಬೇಗ ಹತ್ರೀ ಆರಿದ್‌ಸಾರಮ್ಮಾ, ನೀವು ಮುಟ್ಟೋದ್ರಾಗೆ ಬೇವಿನಮರ ಒಣಗ್ತೈತೆ" ಎಂದು ಹಿಂದಿನಿಂದ ಯಾರೋ ಚುಚ್ಚಿದರು. ಅಮ್ಮ ಎಂಬುದು ಹೋಗಲಿಲ್ಲ ನೋಡಿ, ಬೇಲಿ ಮಾತ್ರ ಹೋಯಿತು. ನಿನ್ನೆ ಮಣ್ಣಿನ ಕೋಣೆಯಲ್ಲಿ ನಮ್ಮೂರ ದಿಬ್ಬದ ಒಂದು ಹಿಡಿ ಮಣ್ಣಿಗೆ ಹುರುಳಿ ಹಾಕಿದ್ದೇನೆ. ಇನ್ನೂ ಮೊಳೆತಿಲ್ಲ. ಮೊಳೆಯುತ್ತದೆ.

ನಿಮ್ಮಲ್ಲಿ ನನ್ನದೊಂದು ಬೇಡಿಕೆ. ನಿಮ್ಮ ತರಗತಿಯಲ್ಲಿ, ನಿಮ್ಮ ಹಾಸ್ಟೆಲಿನಲ್ಲಿ, ಎಲ್ಲರೂ ತುಂಬಾ ಮರ್ಯಾದೆಯಿಂದ ಮಾತಾಡಿಸುವ ಒಬ್ಬರು ಇದ್ದೇ ಇರುತ್ತಾರೆ. ವಯಸ್ಸಾದವರೋ, ದೂರದ ಊರಿನವರೋ, ಬೇರೆ ಮಾತಿನವರೋ. ಅವರಿಗೆ ಕುರ್ಚಿ ಬಿಟ್ಟುಕೊಟ್ಟು ನೀವು ಆಚೆ ಹೋಗಿ ನಗಬೇಡಿ. ಅವರ ಪಕ್ಕದಲ್ಲೇ ಕೂತು ನಗಿ. ಅವರಿಗೊಂದು ಹೆಸರು ಬೀಳಲಿ, ಆದರೆ ಮೊದಲು ನಗುವವರು ಅವರೇ ಆಗಿರಲಿ. ಸಾರು ಆರುತ್ತಿದ್ದರೆ ಆರುತ್ತಿದೆ ಎಂದು ಹೇಳಿಬಿಡಿ.

ನಿಮ್ಮ ಹೆಸರುಗಳು ನನಗೆ ಗೊತ್ತಿಲ್ಲ. ಆದರೂ ನಿಮಗಾಗಿ ದಿನವೂ ಬೇಡುತ್ತೇನೆ. ಊಟ ಆದ ಮೇಲೆ.

ಇಂತಿ,
ಕೊಟ್ರಮ್ಮ, ಅಂದರೆ ಆರಿದ್‌ಸಾರು