ಸೈಲೆನ್ಸರ್ ಗುಟ್ಟಿನ ಪಂಚಾಯ್ತಿ

ಮೊರಪ್ಪೂರು
೨೫-೫-೧೯೯೭

ಗೆಳೆಯ ಮಹದೇವನಿಗೆ ಕುಪ್ಪಸ್ವಾಮಿಯ ನಮಸ್ಕಾರ.

ನಾನು, ಕಣ್ಣಮ್ಮ, ಮಗಳು ಅರ್ಚನಾ ಎಲ್ಲರೂ ಸೌಖ್ಯ. ನಿನ್ನ ಕಾಗದ ಬಂದು ಎರಡು ತಿಂಗಳಾಯಿತು, ಬೈಯಬೇಡ. ರೇಸು ಮುಗಿಯುವವರೆಗೆ ಕೈಗೆ ಅಂಟಿದ ಗ್ರೀಸ್ ಬಿಟ್ಟರೆ ತಾನೇ ಪೆನ್ನು ಹಿಡಿಯುವುದು! ಕೊಳ್ಳೇಗಾಲದ ಶಾಲೆಯಲ್ಲಿ ನಿನ್ನ ಪಕ್ಕ ಕೂತು ಕಲಿತ ಕನ್ನಡ ನನ್ನ ಕೈಯಲ್ಲಿ ಉಳಿದಿರುವುದೇ ನಿನಗೆ ಬರೆಯುವ ಕಾಗದಗಳಿಂದ. ಇಲ್ಲಿ ಮನೆಯಲ್ಲಿ ಕನ್ನಡ ಆಡುತ್ತೇವೆ, ಓದು ಬರಹವೆಲ್ಲ ತಮಿಳು.

ರೇಸಿನ ಸಮಾಚಾರ ಕೇಳು. ಬೇಸಿಗೆಯಲ್ಲಿ ಕೆರೆ ಬತ್ತಿದ ಮೇಲೆ ಅಂಗಳದಲ್ಲಿ ಸುಣ್ಣದ ಗೆರೆ ಎಳೆದು ಹನ್ನೆರಡು ಸುತ್ತು ಬೈಕ್ ಓಡಿಸುತ್ತಾರಲ್ಲ, ಅದೇ. ನನ್ನ ಬೈಕ್ ಓಡಿಸುವವನು ಅಕ್ಕನ ಮಗ ಮಾದೇಶ. ಎರಡು ವರ್ಷ ತಗಡು ಕತ್ತರಿಸಿ, ಬೆಸೆದು, ಬಿಚ್ಚಿ, ಮತ್ತೆ ಬೆಸೆದು ಅದಕ್ಕೊಂದು ಸೈಲೆನ್ಸರ್ ಮಾಡಿದ್ದೆ. ಅದರ ಹೊಟ್ಟೆ ಎಲ್ಲಿ ಉಬ್ಬಬೇಕು, ಎಲ್ಲಿ ಕಿರಿದಾಗಬೇಕು ಅನ್ನುವುದರಲ್ಲೇ ಬೈಕಿನ ವೇಗ ಇರುವುದು. ಆ ಅಳತೆ ಕಣ್ಣಮ್ಮನಿಗೂ ಹೇಳಿರಲಿಲ್ಲ. ಅವಳಿಗೆ ಬೇಕಾಗಿಯೂ ಇರಲಿಲ್ಲ ಅನ್ನು.

ಏಪ್ರಿಲ್ ಕೊನೆಯ ಭಾನುವಾರ ರೇಸು. ಸೇಲಂನಲ್ಲಿ ವರ್ಕ್‌ಶಾಪ್ ಇಟ್ಟಿರುವ ಪಳನಿಸ್ವಾಮಿಯ ಬೈಕು ಮೂರನೇ ಸುತ್ತಿಗೇ ಮಾದೇಶನನ್ನು ಹಿಂದೆ ಹಾಕಿತು. ಏರಿಯ ಮೇಲೆ ನಿಂತಿದ್ದ ಅರ್ಚನಾ ನನ್ನ ಅಂಗಿ ಜಗ್ಗಿದಳು. “ಅಪ್ಪಾ, ಕಣ್ ಮುಚ್ಕಂಡು ಕೇಳು. ಎಲ್ಡು ಬೈಕ್ದೂ ಒಂದೇ ಸದ್ದು ಐತೆ!” ಕಣ್ಣು ಮುಚ್ಚಿದೆ. ನಿಜ ಕಣೋ, ನನ್ನದು ಯಾವುದು ಅಂತ ನನಗೇ ತಿಳಿಯಲಿಲ್ಲ. ಪಳನಿಸ್ವಾಮಿ ಕಪ್ ಎತ್ತುವ ಹೊತ್ತಿಗೆ ಜನವೆಲ್ಲ ಅವನ ಸೈಲೆನ್ಸರ್ ಸುತ್ತ ಸೇರಿತ್ತು. ನಾನು ದಾರ ಹಿಡಿದು ಅಳೆದೆ. ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ.

ಕುರಿಹಟ್ಟಿಯ ಯಜಮಾನ ಚಿಕ್ಕಣ್ಣ ಬೈಕ್ ಹತ್ತಿದವನೇ ಅಲ್ಲ. ಆದರೂ ನ್ಯಾಯ ಅಂದರೆ ಅವನೇ. ಬೇವಿನ ಮರದ ಕೆಳಗೆ ಕರಿಕಂಬಳಿ ಹಾಸಿಸಿದ. ನಮ್ಮವರಿಗೆ ಹಾಸಿದ ಕಂಬಳಿ ದೇವರ ಗದ್ದಿಗೆ, ಅದರ ಮೇಲೆ ಕೂತು ಸುಳ್ಳಾಡುವಂತಿಲ್ಲ. ಪಳನಿಸ್ವಾಮಿಯೂ ನಮ್ಮ ಜನವೇ, ಮೇಟೂರು ಕಡೆಯವನು, ನಿಮ್ಮೂರ ಕಡೆಗೂ ಓಡಾಡುವವನು. ಕೂತವನೇ ಒಪ್ಪಿಕೊಂಡ: “ತಪ್ಪುದಾನ್ ಅಣ್ಣ. ಅಳತೆ ನಂಗೆ ಒಬ್ರು ಕೊಟ್ರು. ಅವ್ರ್ ಯೆಸರ್ ಯೇಳಲ್ಲ ಅಂತ ಮಾತ್ ಕೊಟ್ಟಿವ್ನಿ.” ಜೇಬಿನಿಂದ ಒಂದು ಚೀಟಿ ತೆಗೆದಿಟ್ಟ. ಮೇಲೂ ಕೆಳಗೂ ಹರಿದಿತ್ತು. ಅದರಲ್ಲಿ ಬರೀ ಅಂಕಿ, ಅದೂ ಕನ್ನಡ ಅಂಕಿ. ಓದಿ ಹೇಳಿದ್ದೂ ಆ ಒಬ್ಬರೇ ಅಂತೆ. ಚೀಟಿ ಕೈಯಿಂದ ಕೈಗೆ ದಾಟಿತು, ನನ್ನನ್ನು ಬಿಟ್ಟರೆ ಯಾರಿಗೂ ಓದಲು ಬರಲಿಲ್ಲ. ಕೊಟ್ಟವರು ಯಾರು ಅನ್ನುವ ವಿಚಾರ ಅಲ್ಲಿಗೇ ನಿಂತಿತು.

ಪಳನಿಸ್ವಾಮಿಗೆ ಏನು ಶಿಕ್ಷೆ? ಯೋಚಿಸಲು ಚಿಕ್ಕಣ್ಣ ಒಂದು ವಾರ ಕೊಟ್ಟ. ಆ ವಾರದ ಮಜಾ ನೀನು ನೋಡಬೇಕಿತ್ತು! ಸ್ಟೇಷನ್ ಎದುರಿನ ವಳ್ಳಿಯಮ್ಮನ ಟೀ ಅಂಗಡಿ ಹೈಕೋರ್ಟ್ ಆಗಿಹೋಯಿತು. ರಿಟೈರಾದ ಪೋರ್ಟರ್ ರಾಜಗೋಪಾಲ್ ಬೆಂಚು ಗುದ್ದಿ, “ಮೂರ್ ವರ್ಸ ಕೆರೆ ಅಂಗ್ಳಕ್ಕೆ ಕಾಲಿಕ್ಕಬಾರ್ದು, ಅವ್ನೂ ಬೈಕೂ ಓಡ್ಸಿದೋನೂ” ಅಂದ. ವಳ್ಳಿಯಮ್ಮ ಸೌಟು ಎತ್ತಿದಳು: “ಕಪ್ ಕಿತ್ಕಳ್ಳಿ. ಓಡ್ಸಿದೋನು ಪಾವಂ, ಅವ್ನಿಗೇನ್ ಗೊತ್ತು?”

“ಕದ್ದ ಕುರಿ ಸಾರು ಉಂಡೋನ್ದು ತಪ್ಪಿಲ್ವಾ?”

“ಬಡ್ಸಿದೋನ್ ಯೇಳ್ದಿದ್ರೆ ಉಂಡೋನ್ದೇನ್ ತಪ್ಪಯ್ಯ?”

ಹರೂರು ಬಸ್ಸಿನ ಕಂಡಕ್ಟರ್ ಟಿಕೆಟ್ ಹರಿಯುತ್ತಾ ಒಬ್ಬೊಬ್ಬರನ್ನೂ ವಿಚಾರಿಸಿ, ಇಲ್ಲಿ ಇಳಿದು ವರದಿ ಒಪ್ಪಿಸುತ್ತಿದ್ದ. ಒಂದು ದಿನ ಇಡೀ ಬಸ್ಸು ವಳ್ಳಿಯಮ್ಮನ ಕಡೆ, ಮಾರನೇ ದಿನ ರಾಜಗೋಪಾಲನ ಕಡೆ. ಮಾದೇಶ ಮಾತ್ರ, “ಪಂಚಾಯ್ತೀಲಿ ಗೆದ್ದ ಕಪ್ ನಂಗೆ ಬ್ಯಾಡ ಮಾಮ” ಅಂದುಬಿಟ್ಟ. ನನಗೆ ಹೆಮ್ಮೆಯೂ ಆಯಿತು, ಎರಡು ಬಾರಿಸೋಣ ಅಂತಲೂ ಅನ್ನಿಸಿತು.

ಮುಂದಿನ ಭಾನುವಾರ ತೀರ್ಪು. ಚಿಕ್ಕಣ್ಣ ಎಲೆ ಅಡಿಕೆ ಉಗಿದು ಬಂದು ಹೇಳಿದ: “ಎಲ್ಡೂ ಸೈಲೆನ್ಸರ್ ಸೀಳಿ ಇಲ್ಲಿಕ್ಕಿ. ಬೇಕಾದೋರೆಲ್ಲ ಅಳ್ಕೊಳ್ಳಿ. ಎಲ್ಡ್ ವಾರ ಬುಟ್ಟು ತಿರ್ಗಾ ಓಡ್ಸಿ.”

ನಾನು ಎಗರಿದೆ. “ಯಜಮಾನ್ರೇ, ಕದ್ದೋನು ಅವ್ನು. ನಂದ್ಯಾಕೆ ಸೀಳ್ಬೇಕು?”

“ಬಚ್ಚಿಕ್ಕಂಡಿದ್ದಕ್ಕೆ!”

ಜನ ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಕಣ್ಣಮ್ಮ. ನನ್ನ ಎರಡು ವರ್ಷದ ದುಡಿಮೆಯನ್ನು ನಾನೇ ಗರಗಸ ಹಿಡಿದು ಸೀಳಿದೆ.

ಹದಿನೆಂಟನೇ ತಾರೀಕು ಮತ್ತೆ ರೇಸು ನಡೆಯಿತು. ಹದಿನಾಲ್ಕು ಬೈಕು, ಹದಿನಾಲ್ಕಕ್ಕೂ ಒಂದೇ ಸದ್ದು! ಗೆದ್ದವನು ಯಾರು ಗೊತ್ತೇ? ಹಾಲು ಹಾಕುವ ಮುನುಸ್ವಾಮಿ. ಕ್ಯಾನ್ ನೇತುಹಾಕುವ ಕೊಕ್ಕೆ ಕೂಡ ಬಿಚ್ಚಿರಲಿಲ್ಲ ಪುಣ್ಯಾತ್ಮ. ತೊಪ್ಪೂರು ಘಾಟಿಯ ತಿರುವುಗಳಲ್ಲಿ ದಿನಾ ಹಾಲು ಚೆಲ್ಲದೆ ಇಳಿಯುವವನಿಗೆ ಈ ಕೆರೆ ಅಂಗಳ ಯಾವ ಲೆಕ್ಕ! ಮಾದೇಶ ಎರಡನೆಯವನು. ಪಳನಿಸ್ವಾಮಿ ಬಂದು ನನ್ನನ್ನು ತಬ್ಬಿಕೊಂಡ. ಹೀಗೆ ಮನಸಾರೆ ನಕ್ಕು ಎಷ್ಟು ವರ್ಷವಾಗಿತ್ತೋ!

ನಿನ್ನ ಮನೆಯಾಕೆ, ತಂಗಿ ಸಿದ್ದಲಕ್ಷ್ಮಮ್ಮನಿಗೆ ನನ್ನ ನಮಸ್ಕಾರ ತಿಳಿಸು. ನಿನ್ನ ಮಗಳು ಚಂದ್ರಿಕಾ ಚೆನ್ನಾಗಿ ಓದಲಿ, ನೂರು ವರ್ಷ ಬಾಳಲಿ. ನಿನ್ನ ಮೊಣಕಾಲಿಗೆ ಎಣ್ಣೆ ಹಚ್ಚುವುದು ಬಿಡಬೇಡ.

ನಿನ್ನ
ಕುಪ್ಪಸ್ವಾಮಿ

ತಾ.ಕ.: ಇದನ್ನು ಬರೆಯದೆ ಕವರ್ ಅಂಟಿಸೋಣ ಅಂತಿದ್ದೆ, ಆಗಲಿಲ್ಲ. ಆ ಚೀಟಿಯ ಅಕ್ಷರ ನನ್ನದು, ಮಹದೇವ. ಹೋದ ದೀಪಾವಳಿಗೆ ನಿನಗೆ ಬರೆದ ಕಾಗದದ ನಡುಭಾಗ. ಇಲ್ಲಿಟ್ಟರೆ ಯಾರಾದರೂ ಕದ್ದಾರು, ಕನ್ನಡದಲ್ಲಿ ಬರೆದು ನಿನ್ನ ಹತ್ತಿರ ಇಟ್ಟರೆ ಭದ್ರ ಅಂದುಕೊಂಡಿದ್ದೆ. “ಇದ್ಯಾರ್ ಕೈಬರಹ?” ಅಂತ ಚಿಕ್ಕಣ್ಣ ಕೇಳಿದಾಗ ನಾನು ಕಂಬಳಿ ಬಿಟ್ಟು ಎದ್ದು, ಬರೀ ನೆಲದ ಮೇಲೆ ನಿಂತು “ಗೊತ್ತಿಲ್ಲ” ಅಂದೆ. ಅವನು ನನ್ನ ಕಾಲು ನೋಡಿದ, ಮತ್ತೇನೂ ಕೇಳಲಿಲ್ಲ. ಅದನ್ನು ಪಳನಿಸ್ವಾಮಿಗೆ ನೀನು ಯಾಕೆ ಕೊಟ್ಟೆ ಅಂತ ನಾನೂ ಕೇಳುವುದಿಲ್ಲ. ಗೆಳೆಯನ ಕೈಚಳಕ ಅಂತ ಹೆಮ್ಮೆಯಿಂದ ತೋರಿಸಿದೆಯೋ, ನನ್ನ ಮೇಲೆ ಯಾವ ಸಿಟ್ಟಿತ್ತೋ. ಆ ದಿನ ಮನೆಗೆ ಬಂದು ಅತ್ತುಬಿಟ್ಟೆ, ಅದನ್ನು ನಿನ್ನಿಂದ ಮುಚ್ಚಿಡಲಾರೆ. ಆದರೆ ನಿನ್ನನ್ನು ಬಿಟ್ಟರೆ ನಾನು ಕನ್ನಡದಲ್ಲಿ ಬರೆಯುವುದು ಯಾರಿಗೆ? ಹೊಸ ಸೈಲೆನ್ಸರ್ ಶುರು ಮಾಡಿದ್ದೇನೆ. ಅದರ ಅಳತೆ ಈ ಹಾಳೆಯ ಹಿಂದೆ ಬರೆದಿದ್ದೇನೆ. ಇಟ್ಟುಕೊಂಡಿರು.