ಕಸಕ್ಕೆ ಹೋದ ಗೋರಿಕಾಯಿ

ಬಿಂದು,

ನಾನು ವಿಜಯವಾಡಕ್ಕೆ ಹೊರಟೆ. ತಂಗಿ ಉಷಶ್ರೀ ಅಲ್ಲಿ ಸ್ಟೇಷನ್ನಿಗೆ ಬರುತ್ತಾಳೆ. ನೀನು ಮಲಗಿದ್ದೆ, ಎಬ್ಬಿಸಲಿಲ್ಲ. ತೇಜನ ಶಾಲೆ ಡಬ್ಬಿಗೆ ಚಿತ್ರಾನ್ನ ಕಲಸಿಟ್ಟಿದ್ದೇನೆ. ಅನಕಾಪಲ್ಲಿ ಬೆಲ್ಲಕ್ಕೆ ಇರುವೆ ಬರುತ್ತಿದೆ, ಮುಚ್ಚಳ ಬಿಗಿಯಾಗಿ ಹಾಕು.

ಫ್ರಿಜ್ಜಿನಲ್ಲಿರುವ ಪಾತ್ರೆ ತೆಗೆದು ಗಾಬರಿಯಾಗಬೇಡ. ಅದರಲ್ಲಿರುವುದು ಗೋರಿಕಾಯಿಯ ತೊಟ್ಟು, ನಾರು. ಕಾಯಿ ಕಸದ ಬುಟ್ಟಿಗೆ ಹೋಗಿದೆ. ನಿನ್ನೆ ಸಂಜೆ ನೀನು ನಿನ್ನ ಹೊಸ ಕಥೆ ಓದುತ್ತಿದ್ದಾಗ ಬಿಡಿಸಿದ್ದು. ಇಷ್ಟು ವರ್ಷ ನೀನು ಓದಿದ್ದನ್ನೆಲ್ಲ ತರಕಾರಿ ಹೆಚ್ಚುತ್ತಲೇ ಕೇಳಿದ್ದೇನೆ, ಒಂದು ಸಲವೂ ಕೈ ತಪ್ಪಿರಲಿಲ್ಲ.

“ಅತ್ತೆ ಏನೂ ಹೇಳದೆ ಎದ್ದು ಹೋದರು, ಕಥೆ ಚೆನ್ನಾಗಿಲ್ಲ, ಕಳಿಸಲ್ಲ” ಎಂದು ನೀನು ನನ್ನ ಮಗನ ಹತ್ತಿರ ಹೇಳಿದ್ದು ಕೇಳಿಸಿತು. ಈ ಫ್ಲ್ಯಾಟಿನ ಗೋಡೆ ಎಷ್ಟು ದಪ್ಪ ಎಂದು ನಿನಗೇ ಗೊತ್ತು. ನನಗೆ ಮಾತು ಹೊರಡಲಿಲ್ಲ ಕಣೆ. ಅಪರೂಪಕ್ಕೆ ಹಾಗೂ ಆಗುತ್ತದೆ.

ಮೊದಲೆಲ್ಲ ನಿನ್ನ ಕಥೆಯಲ್ಲಿ ಅತ್ತೆ ಬಾಗಿಲಿಗೆ ಬಂದರೆ ಸಾಕು, ಕೆಟ್ಟವಳು ಎಂದು ಗೊತ್ತಾಗುತ್ತಿತ್ತು. ನಾನೂ ನೆಮ್ಮದಿಯಾಗಿ ಬೀನ್ಸ್ ಹೆಚ್ಚುತ್ತಿದ್ದೆ. ಇದರಲ್ಲಿ ಅತ್ತೆ ಮಾತಾಡಿದಾಗ ಅವಳದೇ ಸರಿ ಅನ್ನಿಸಿತು, ಸೊಸೆ ಮಾತಾಡಿದಾಗ ಅವಳದೂ ಸರಿ ಅನ್ನಿಸಿತು. ಹಾಗೆ ಬರೆಯಲು ಬಂದಮೇಲೆ ಇನ್ನೇನು ಬೇಕಮ್ಮ?

ವಿಶೇಷಾಂಕಕ್ಕೆ ಕಳಿಸಲು ಇವತ್ತೇ ಕೊನೆಯ ದಿನ. ಒಂದಕ್ಷರ ತಿದ್ದದೆ ಕಳಿಸು. ರೈಲಿನಲ್ಲಿ ಪಕ್ಕದವರಿಗೆ ನಾನು ಕಥೆಯನ್ನು ತೆಲುಗಿನಲ್ಲಿ ಹೇಳಿಯೇ ಹೇಳುತ್ತೇನೆ. ಕೊನೆ ಮಾತ್ರ ಹೇಳುವುದಿಲ್ಲ. ನನ್ನ ಸೊಸೆ ಬರೆದದ್ದು, ಅಚ್ಚಾದ ಮೇಲೆ ಕನ್ನಡ ಕಲಿತು ಓದಿಕೊಳ್ಳಿ ಅನ್ನುತ್ತೇನೆ.

ಪಲ್ಯಕ್ಕೆ ಬದನೆಕಾಯಿ ಇದೆ.

ಅತ್ತೆ