ಬ್ರೇಕ್ ಲೈಟು, ನಲವತ್ತು ನಿಮಿಷದ ಕೆಲಸ

ಇವಳೇ,

ಬದುಕಿದ್ದಾಗ ಹೆಸರು ಹಿಡಿದು ಕರೆದವನಲ್ಲ, ಈಗ ಹೊಸದಾಗಿ ಶುರುಮಾಡಲು ಚೈತನ್ಯವಿಲ್ಲ. ಹೀಗೇ ಓದಿಕೋ.

ನಿನ್ನೆ ನಮ್ಮ ಬೈಕಿನ ಬ್ರೇಕ್ ಲೈಟು ಸರಿಮಾಡಿದೆ. ನಾನೇ. ನಗಬೇಡ. ಮಗಳಿಗೆ ಆಸ್ಪತ್ರೆಯಲ್ಲಿ ಬೆಳಗಿನ ಪಾಳಿ ಬಿದ್ದಿದೆ, ಆ ಹೊತ್ತಿಗೆ ಬಸ್ಸಿಲ್ಲ. "ನಾಳೆಯಿಂದ ಗಾಡಿ ನನಗೆ ಕೊಡಪ್ಪಾ" ಅಂದಳು. ಕೊಡಬಹುದು, ಆದರೆ ಅವಳ ಹಿಂದೆ ಕೂರುವವರು ಯಾರು? ನನ್ನ ಹಿಂದೆ ನೀನಿದ್ದೆ. ನನ್ನ ಕಾಲು ಪೆಡಲಿಗೆ ಹೋಗುವ ಮೊದಲೇ ನಿನಗದು ತಿಳಿದು, ಬಲಗೈ ಚಾಚಿ ಹಿಂದಿನವರಿಗೆ ನಿಧಾನ ಅಂತ ಸನ್ನೆ ಮಾಡುತ್ತಿದ್ದೆ. ಒಂದಲ್ಲ ಎರಡಲ್ಲ, ಆರು ವರ್ಷ.

"ರೀ, ನನ್ನ ಕೈಯೇನು ನಿಮ್ಮ ಗಾಡಿಯ ಸ್ಪೇರ್ ಪಾರ್ಟಾ?" ಅಂತ ನೀನು ಕೇಳಿದಾಗೆಲ್ಲ ನಾನೊಂದು ಬಲ್ಬು ಬದಲಿಸುತ್ತಿದ್ದೆ. ಮೂರಾದವು. ಕಾಲೇಜಿನಲ್ಲಿ ಲಾಜಿಕ್ ಮೇಷ್ಟ್ರು "ನೆಸೆಸರಿ, ಬಟ್ ನಾಟ್ ಸಫಿಶಿಯೆಂಟ್", ಬೇಕು ಆದರೆ ಅದೊಂದೇ ಸಾಲದು, ಅನ್ನುತ್ತಿದ್ದರು. ತಿರುಗುಮುರುಗಾಗಿಯೂ ಇರಬಹುದು, ಆ ಪೀರಿಯಡ್ಡು ಊಟದ ನಂತರ ಇತ್ತು. ಅಂತೂ ಬಲ್ಬಿನದು ತಪ್ಪಿರಲಿಲ್ಲ.

ಮೆಕ್ಯಾನಿಕ್ ಗಾಡಿ ಎರಡು ದಿನ ಬಿಟ್ಟುಹೋಗಿ ಅಂದ. ಬಿಡುವಂತಿರಲಿಲ್ಲ. "ಹಾಗಾದ್ರೆ ಬ್ರೇಕ್ ಸ್ವಿಚ್ಚಿನ ಎರಡು ವೈರು ಮುಟ್ಟಿಸಿ ನೋಡಿ ಯಜಮಾನ್ರೇ. ಲೈಟು ಹತ್ತಿದ್ರೆ ಸ್ವಿಚ್ಚು ಸತ್ತಿದೆ ಅಂತ ತಿಳ್ಕೊಳ್ಳಿ" ಅಂತ ಹೊಸದೊಂದನ್ನು ಕೈಗಿತ್ತ. ಮೆಟ್ಟಿಲಿನ ಕೆಳಗಿನ ನೆರಳಿನಲ್ಲಿ ಗಾಡಿ ನಿಲ್ಲಿಸಿ, ಮಂಡಿ ಶಪಿಸುತ್ತಿದ್ದರೂ ಕೂತೆ. ಪೆಡಲಿನ ಮೇಲ್ಗಡೆ ಹೆಬ್ಬೆರಳಷ್ಟು ಸ್ವಿಚ್ಚು, ನಡುವೆ ಒಂದು ಪುಟ್ಟ ಸ್ಪ್ರಿಂಗು. ಪೆಡಲ್ ತುಳಿದರೆ ಸ್ಪ್ರಿಂಗು ಒಳಗಿನ ಕಡ್ಡಿಯನ್ನು ಎಳೆಯಬೇಕು. ಕಡ್ಡಿ ಕೆಸರು ಕುಡಿದು, ತುಕ್ಕು ಹಿಡಿದು, ಕಲ್ಲಾಗಿತ್ತು. ಕೀ ತಿರುಗಿಸಿ ವೈರು ಮುಟ್ಟಿಸಿದೆ. ಹಿಂದಿನ ಗೋಡೆ ಕೆಂಪಾಯಿತು.

ಹೊಸದನ್ನು ಕೂರಿಸಿ, ಅತಿ ಬುದ್ಧಿವಂತನಂತೆ ನಟ್ಟನ್ನು ಪೂರ್ತಿ ಬಿಗಿದೆ. ಮಗಳು ಬಾಚಣಿಗೆ ಹಿಡಿದು ಹಿಂದೆ ನಿಂತಿದ್ದಳು.

"ಅಪ್ಪಾ, ಬ್ರೇಕ್ ಹಿಡಿದ್ರೂ ಕೆಂಪು, ಬಿಟ್ರೂ ಕೆಂಪು. ಹಿಂದೆ ಬರೋನು ಏನಂತ ತಿಳ್ಕೋಬೇಕು?"

"ನಿಮ್ಮಮ್ಮನ ಮುಖ ಅಂತ ತಿಳ್ಕೊಳ್ಳಲಿ."

ನಕ್ಕಳು. ನಟ್ಟು ಎರಡು ಸುತ್ತು ಸಡಿಲಿಸಿದೆ, ಸರಿಹೋಯಿತು.

ಕೈ ತೊಳೆಯುವಾಗ ಗಡಿಯಾರ ಕಣ್ಣಿಗೆ ಬಿತ್ತು. ಬೈಗುಳವೂ ಸೇರಿ ನಲವತ್ತು ನಿಮಿಷ. ಆಗ ಬಂತು ನೋಡು ಸುಸ್ತು, ಬಚ್ಚಲ ಕಟ್ಟೆಯ ಮೇಲೇ ಕುಸಿದು ಕೂತೆ. ಇಲ್ಲೇ ನೀನು ಬಿಸಿನೀರಿನ ಚೀಲವನ್ನು ಬಲಭುಜಕ್ಕೆ ಒತ್ತಿಕೊಂಡು ಗೋಡೆಗೆ ಒರಗಿ ನಿಲ್ಲುತ್ತಿದ್ದೆ. "ವಯಸ್ಸಾಯ್ತಲ್ಲ" ಅಂದು ನಾನು ಪೇಪರ್ ಓದುತ್ತಿದ್ದೆ. ನಿನ್ನನ್ನು ಒಯ್ದದ್ದು ಜ್ವರ, ಭುಜವಲ್ಲ, ಬಲ್ಲೆ. ಆದರೆ ಒಂದು ಭಾನುವಾರ ಪೇಪರ್ ಮಡಚಿಟ್ಟಿದ್ದರೆ ಸಾಕಿತ್ತು. ಸಾರಿ ಅನ್ನುವುದು ಎಷ್ಟು ಚಿಕ್ಕ ಇಂಗ್ಲಿಷ್, ಕನ್ನಡದಲ್ಲೇ ಹೇಳುತ್ತೇನೆ: ತಪ್ಪಾಯಿತು ಕಣೇ.

ಇವತ್ತು ಬೆಳಿಗ್ಗೆ ಅವಳು ಹೊರಟಳು. ಗೇಟಿಗೆ ಆತು ನಿಂತೆ. ಬೀದಿ ಖಾಲಿ, ಅಡ್ಡ ಬರಲು ಒಂದು ನಾಯಿಯೂ ಇರಲಿಲ್ಲ. ಆದರೂ ಅವಳು ತಿರುವಿಗೆ ಬಹಳ ಮುಂಚೆಯೇ ಎರಡು ಸಲ ಬ್ರೇಕ್ ಒತ್ತಿದಳು. ನೋಡಲು ಹಿಂದೆ ಇದ್ದವನು ನಾನೊಬ್ಬನೇ.

ಇನ್ನು ಕೂರಲಾಗದು, ಮಲಗುತ್ತೇನೆ. ನೀನೂ ಅಲ್ಲಿ ದಣಿವಾರಿಸಿಕೋ, ತಣ್ಣಗಿರು.

ನಿನ್ನ ಮನೆಯವನು